ಹದಿನೈದನೇ ಸ್ಟಾಪು

"ಒತ್ತು, ಇನ್ನೂ ಸ್ವಲ್ಪ ಒತ್ತು," ಎಂದ ಮಾವ.

ಕಂಡಕ್ಟರಮ್ಮ ಮಂಡಿಯೂರಿ ಅಪ್ಪನ ಎಡಗೈಯನ್ನು ಎರಡೂ ಕೈಗಳಿಂದ ಅದುಮಿದಳು. ಕೈ ಮಣಿಯಲಿಲ್ಲ. ಹನ್ನೊಂದು ವರ್ಷದಿಂದ ಕೊಕ್ಕೆಯಂತೆ ಬಾಗಿಯೇ ಇದ್ದ ಕೈ ಅದು. ಬದುಕಿದ್ದಾಗ ನೆಟ್ಟಗಾಗದ್ದು ಸತ್ತ ಮೇಲೆ ಆಗುತ್ತದೆಯೇ? ಅಂಗಿಯ ತೋಳು ಮೊಣಕೈವರೆಗೆ ಬಂದು ಹಟ ಹಿಡಿದು ನಿಂತಿತ್ತು.

"ಮುರೀಬೇಕಾಗುತ್ತೆ," ಎಂದ ಮಾವ.

"ಒಂದು ಸಲ ಮುರಿದಿದ್ದಾರಲ್ಲ ಮಾವ, ಸಾಲದಾ?"

"ಹಾಗಾದ್ರೆ ತೋಳು ಕತ್ತರಿಸ್ತೀನಿ. ಅಂಗಿದು ಕಣೇ, ಭಾವಂದಲ್ಲ." ಮಾವ ದರ್ಜಿ, ಅಂಗಿಯನ್ನು ಹೊಲಿದವನೂ ಅವನೇ. ಕತ್ತರಿಯನ್ನು ಜೇಬಿನಿಂದ ತೆಗೆದು, ತನ್ನದೇ ಹೊಲಿಗೆಯ ಮೇಲೆ ಇಟ್ಟ. "ಮೂವತ್ತು ವರ್ಷ ಆಯ್ತು ಈ ಕಸುಬಿಗೆ ಬಂದು. ಒಳ್ಳೆ ಬಟ್ಟೆ ಹಾಳು ಮಾಡಿದ್ದು ಇವತ್ತೇ ಮೊದಲು."

ಆಗಲೇ ಕಿಟಕಿಯ ಗಾಜು ಒಡೆಯಿತು. ಮುಷ್ಟಿಗಾತ್ರದ ಕಲ್ಲೊಂದು ಒಳಗೆ ಬಂದು ಗೋಡೆಗೆ ಬಡಿದು, ಪುಟಿದು, ಅಪ್ಪನ ಎದೆಯ ಮೇಲೆ ಕೂತಿತು. ಕಲ್ಲು ಬಂದರೆ ಕೈ ಅಡ್ಡ ಹಿಡಿದು ಮುಖ ಮುಚ್ಚಿಕೊಳ್ಳುವುದು ಅಪ್ಪನಿಗೆ ರೂಢಿಯಾಗಿಹೋಗಿತ್ತು. ಈ ಸಲ ಅವನು ಮಿಸುಕಲಿಲ್ಲ. ಅವನು ಸತ್ತಿದ್ದಾನೆಂದು ಮಗಳಿಗೆ ಪೂರ್ತಿ ನಂಬಿಕೆ ಬಂದದ್ದು ಆಗ.

"ಗೆರೆಯಪ್ಪ!" ಹೊರಗಿನಿಂದ ಯಾರೋ ಕೂಗಿದರು. "ನಮ್ಮ ಬೀದಿಲಿ ಕಾಲಿಟ್ಟೀಯಾ ಜೋಕೆ!"

"ಕಾಲಿಡೋ ಸ್ಥಿತಿಲಿ ಇದ್ದಾನಾ ನೋಡ್ರೋ!" ಎಂದು ಮಾವ ಕಿಟಕಿಗೆ ಹೋಗಿ ಅರಚಿದ. ಎರಡನೆಯ ಕಲ್ಲು ಅವನ ಹಣೆಗೇ ಬಿತ್ತು. ಕತ್ತರಿ ಕೈಯಲ್ಲಿದ್ದ ಹಾಗೆಯೇ ಅವನು ಹಿಂದಕ್ಕೆ ಬಂದು ಅಪ್ಪನ ಪಕ್ಕ ನೆಲಕ್ಕೆ ಕೂತ. ಹುಬ್ಬಿನ ಮೇಲಿಂದ ರಕ್ತ ಇಳಿದು, ಅಪ್ಪನ ಇನ್ನೂ ಗುಂಡಿ ಹಾಕದ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕಿತು.

ಬೀದಿಯಲ್ಲಿ ಹೆಣ ಸಾಗಿಸಲು ಬಂದಿದ್ದ ಗಾಡಿಯ ಮುಂದಿನ ಗಾಜು ಪುಡಿಯಾಗಿತ್ತು. ಗಾಡಿಯವನು ಯಾವಾಗಲೋ ಕಾಲಿಗೆ ಬುದ್ಧಿ ಹೇಳಿದ್ದ. ಸ್ಮಶಾನಕ್ಕೆ ಇರುವುದು ಒಂದೇ ದಾರಿ: ಮೊದಲು ಮಿಲ್ ಬೀದಿ, ಅದರಾಚೆ ತೊಗಲು ಬೀದಿ, ಆಮೇಲೆ ಗೋರಿಗಳು. ಮಿಲ್ ಬೀದಿಯ ಜನ ಬೆಳಗಿನಿಂದ ದಾರಿಗೆ ಅಡ್ಡ ಕಟ್ಟುತ್ತಿದ್ದರು.

ಇನ್ಸ್‌ಪೆಕ್ಟರು ಟೋಪಿ ತೆಗೆಯದೆಯೇ ಒಳಗೆ ಬಂದ. "ಹದಿನೈದು ಜನ ತಂದಿದೀನಮ್ಮ. ಹೂಂ ಅನ್ನಿ, ಐದು ನಿಮಿಷದಲ್ಲಿ ರಸ್ತೆ ಗುಡಿಸಿ ಕೊಡ್ತೀನಿ."

"ಬೇಡ ಸಾರ್. ಅಪ್ಪ ಹೇಳಿ ಹೋಗಿದಾನೆ. ನನ್ನ ಹೆಣಕ್ಕೋಸ್ಕರ ಒಂದು ಲಾಠಿನೂ ಏಳಬಾರದು ಅಂತ."

"ಸತ್ತೋರಿಗೇನು, ಏನು ಬೇಕಾದ್ರೂ ಹೇಳಿ ಹೋಗ್ತಾರೆ. ಮೂರು ಗಂಟೆವರೆಗೆ ನೋಡ್ತೀನಿ. ಅಷ್ಟರಲ್ಲಿ ನೀವು ತಗೊಂಡು ಹೋಗ್ಲಿಲ್ಲ ಅಂದ್ರೆ ನಾನು ತಗೊಂಡು ಹೋಗ್ತೀನಿ. ನನ್ನ ರೀತೀಲಿ."

ಗಡಿಯಾರದಲ್ಲಿ ಒಂದೂಕಾಲು. ಅಪ್ಪ ಸಾಯುವಾಗ ಅವಳ ಹತ್ತಿರ ಕೇಳಿದ್ದು ಇದೊಂದನ್ನೇ. ಅವಳು ಕತ್ತರಿ ತೆಗೆದುಕೊಂಡು ತೋಳನ್ನು ಉದ್ದಕ್ಕೆ ಸೀಳಿ, ಹೆಗಲಲ್ಲಿ ಕತ್ತರಿಸಿ ತೆಗೆದಳು.

*

ಹನ್ನೊಂದು ವರ್ಷದ ಹಿಂದೆ ಬಂದ ಜ್ವರ ಗಂಟಲು ಕಟ್ಟಿಸಿ, ಮೂಗಿನಲ್ಲಿ ರಕ್ತ ಸುರಿಸಿ, ನಾಲ್ಕನೇ ದಿನಕ್ಕೆ ಆಳನ್ನು ಮುಗಿಸುತ್ತಿತ್ತು. ಶುರುವಾದದ್ದು ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ. ಅಪ್ಪ ಆರೋಗ್ಯ ಕಚೇರಿಯ ಮೇಲಂತಸ್ತಿನಲ್ಲಿ ಅಂಕಿ ಅಂಶದ ಗುಮಾಸ್ತ. ಅಲ್ಲಿಯವರೆಗೆ ಹುಟ್ಟಿದವರನ್ನು ಕೂಡಿ ಸತ್ತವರನ್ನು ಕಳೆಯುವುದಷ್ಟೇ ಅವನ ಕೆಲಸವಾಗಿತ್ತು. ಈಗ ಮೇಲಿನವರು ಕೇಳಿದರು: ಜ್ವರ ಮುಂದೆ ಎಲ್ಲಿಗೆ ಹೋಗುತ್ತೆ?

"ಜ್ವರಕ್ಕೆ ಕಾಲಿಲ್ಲ ಕಣೇ," ಎಂದ ಅಪ್ಪ ಆ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು. "ಅದು ಓಡಾಡೋದು ನಿನ್ನ ಬಸ್ಸಲ್ಲಿ. ಟಿಕೆಟ್ ಇಲ್ಲದೆ."

"ಸಿಕ್ಕಿಬಿದ್ರೆ ಇಳಿಸ್ತೀನಿ ಬಿಡು."

ಅವಳು ಆಗ ಕೆಲಸಕ್ಕೆ ಸೇರಿ ಮೂರು ವರ್ಷ. ಡಿಪೋದಿಂದ ಎರಡು ತಿಂಗಳ ಟಿಕೆಟ್ ಹಾಳೆಗಳನ್ನು ಗೋಣಿಚೀಲದಲ್ಲಿ ತಂದುಕೊಟ್ಟಳು. ಇಪ್ಪತ್ತೆರಡು ಸ್ಟಾಪು. ಯಾವ ಸ್ಟಾಪಿನಿಂದ ಯಾವ ಸ್ಟಾಪಿಗೆ ದಿನಕ್ಕೆ ಎಷ್ಟು ಜನ ಎಂದು ಅಪ್ಪ ಇಪ್ಪತ್ತೆರಡು ಸಾಲಿನ, ಇಪ್ಪತ್ತೆರಡು ಅಂಕಣದ ಪಟ್ಟಿ ಬರೆದ. ಆಮೇಲೆ ಒಂದು ತಟ್ಟೆಯಲ್ಲಿ ಒದ್ದೆ ಮಣ್ಣು ಮೆತ್ತಿ ಇಪ್ಪತ್ತೆರಡು ಬೆಂಕಿಕಡ್ಡಿ ನೆಟ್ಟ. ಊರಿನ ನಕ್ಷೆಯಲ್ಲಿ ಇರುವಂತೆ ನೆಡಲಿಲ್ಲ. ಜನ ಜಾಸ್ತಿ ಓಡಾಡುವ ಸ್ಟಾಪುಗಳನ್ನು ಒತ್ತಾಗಿ, ಓಡಾಡದವನ್ನು ದೂರವಾಗಿ.

"ಎರಡು ಬೀದಿ ನಡುವಿನ ದೂರ ಅಂದ್ರೆ ಮೈಲಿ ಅಲ್ಲ, ಟಿಕೆಟ್ಟು. ನೋಡು ಈಗ." ಮಾರುಕಟ್ಟೆಯ ಕಡ್ಡಿಗೆ ಬೆಂಕಿ ಮುಟ್ಟಿಸಿದ.

ಬೆಂಕಿ ಒಂದರಿಂದ ಒಂದಕ್ಕೆ ಹಾರಿತು. ಹದಿನಾಲ್ಕನೆಯದು, ಮಿಲ್ ಸ್ಟಾಪು, ಭಗ್ಗನೆ ಹತ್ತಿತು. ಎಲ್ಲ ಉರಿದು ಕರಕಲಾದ ಮೇಲೂ ತಟ್ಟೆಯ ಮೂಲೆಯಲ್ಲಿ ಒಂದು ಕಡ್ಡಿ ಕೆಂಪು ತಲೆ ಎತ್ತಿಕೊಂಡು ನಿಂತಿತ್ತು. ಹದಿನೈದನೆಯದು, ತೊಗಲು ಬೀದಿ. ಪಟ್ಟಿಯಲ್ಲಿ ಅದರ ಸಾಲಿನ ತುಂಬ ಸೊನ್ನೆಗಳು.

"ಇದೊಂದು ಪುಣ್ಯ ಮಾಡಿದ ಸ್ಟಾಪು," ಎಂದ ಅಪ್ಪ.

"ಅಲ್ಲಿಗೆ ಯಾರು ಹೋಗ್ತಾರಪ್ಪ?" ಎಂದಳು ಅವಳು. ಆ ಸೊನ್ನೆಗಳು ಅವಳಿಗೆ ಸರಿಯಾಗಿಯೇ ಕಂಡವು.

ಕಚೇರಿಯ ನಕ್ಷೆಗಾರ ಮಿಲ್ ಬೀದಿಯ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದ. ಅಪ್ಪ ಕೆಳಗೆ ಸಹಿ ಹಾಕಿದ. ಮರುದಿನ ಬೀದಿಯ ಎರಡೂ ತುದಿಗೆ ಕಬ್ಬಿಣದ ಬೇಲಿ ಬಿತ್ತು. ಮೂವತ್ತೊಂದು ದಿನ.

ಒಂಬತ್ತನೇ ದಿನ, ಮಿಲ್ಲಿನಲ್ಲಿ ನೂಲು ಸುತ್ತುವ ಒಬ್ಬಳಿಗೆ ಉಬ್ಬಸ ಕೆರಳಿತು. ಬೀದಿಯವರೆಲ್ಲ ಅವಳನ್ನು ರಾಟೆ ಅಕ್ಕ ಅನ್ನುತ್ತಿದ್ದರು. ಔಷಧಿ ಅಂಗಡಿ ಬೇಲಿಯಿಂದ ಮೂವತ್ತು ಹೆಜ್ಜೆ ಆಚೆಗೆ, ಕಣ್ಣಿಗೆ ಕಾಣುವ ಹಾಗೆಯೇ ಇತ್ತು. ಅವಳ ಗಂಡ ಖಾಲಿ ಸೀಸೆಯನ್ನು ಪೊಲೀಸರಿಗೆ ತೋರಿಸಿದ, ಕೈ ಮುಗಿದ, ಬೈದ, ಕೊನೆಗೆ ಒಂದು ಕಾಲನ್ನು ಬೇಲಿಯ ಆಚೆ ಹಾಕಿದ. ಮೊದಲ ಏಟು ಭುಜಕ್ಕೆ. ಎರಡನೆಯದು ಕಿವಿಯ ಮೇಲೆ. ಆಮೇಲಿನವನ್ನು ಯಾರೂ ಎಣಿಸಲಿಲ್ಲ. ಮುಚ್ಚಿದ ಬೀದಿಯ ಹೆಣ ಮುಟ್ಟಕೂಡದೆಂದು ಅಪ್ಪಣೆಯಿತ್ತು. ಹಾಗಾಗಿ ಅವನು ಎರಡು ಗಂಟೆ ಬೇಲಿಯ ಮೇಲೆ ಒಣಹಾಕಿದ ಬಟ್ಟೆಯಂತೆ ನೇತಾಡಿದ. ರಾಟೆ ಅಕ್ಕ ಕಿಟಕಿಯಲ್ಲಿ ನಿಂತು, ಸುಂಯ್ ಸುಂಯ್ ಎಂದು ಉಸಿರೆಳೆಯುತ್ತ, ನೋಡಿದಳು.

ಬೇಲಿ ತೆಗೆದ ದಿನ ಏಳು ಗಂಡಸರು ಕಚೇರಿಯ ಮೆಟ್ಟಿಲು ಹತ್ತಿ ಬಂದರು. ನಕ್ಷೆಯನ್ನು ಗೋಡೆಯಿಂದ ಕಿತ್ತು ಅಪ್ಪನ ಮುಖಕ್ಕೆ ಹಿಡಿದರು.

"ಈ ಸಹಿ ನಿಂದಾ?"

"ನಂದೇ."

"ಯಾವ ಕೈಲಿ ಹಾಕ್ದೆ?"

ಅಪ್ಪ ಎಡಗೈ ಚಾಚಿದ. ಅವನು ಬರೆಯುತ್ತಿದ್ದದ್ದು ಬಲಗೈಯಲ್ಲಿ. ಗುಮಾಸ್ತನ ಬುದ್ಧಿ ಅಂಥ ಹೊತ್ತಿನಲ್ಲೂ ಕೈಕೊಡಲಿಲ್ಲ. ಕೈಯನ್ನು ಮೆಟ್ಟಿಲ ಅಂಚಿಗೆ ಇಟ್ಟು ಒಬ್ಬ ಮೇಲಿಂದ ಹಾರಿದ. ಪೊಲೀಸರು ಕೇಳಿದಾಗ ಅಪ್ಪ, ಜಾರಿ ಬಿದ್ದೆ, ಎಂದ.

ಮಿಲ್ ಬೀದಿಯಲ್ಲಿ ಸತ್ತವರು ಆರು ಜನ. ಜ್ವರಕ್ಕೆ ಐದು, ಲಾಠಿಗೆ ಒಂದು. ಬೇಲಿಯಿಂದಲೇ ಬೀದಿ ಉಳಿಯಿತೆಂದು ಕಚೇರಿ ಬೆನ್ನು ತಟ್ಟಿಕೊಂಡಿತು. ಬೇಲಿಯ ಆಚೆ ಸಿಕ್ಕಿಬಿದ್ದ ತೊಗಲು ಬೀದಿಯಲ್ಲಿ ನೂರ ಹನ್ನೆರಡು. ಅಲ್ಲಿಗೆ ವೈದ್ಯರು ಹೋದದ್ದು ಇಪ್ಪತ್ತನೇ ದಿನ. ನಕ್ಷೆಯಲ್ಲಿ ಅದು ಬಿಳಿಯಾಗಿತ್ತಲ್ಲ.

*

ಎರಡು ಗಂಟೆಗೆ ಹೆಣದ ಪೆಟ್ಟಿಗೆ ಹೊರಟಿತು. ಹೆಗಲು ಕೊಟ್ಟವರು ನಾಲ್ವರು: ಮುಂದೆ ಕಂಡಕ್ಟರಮ್ಮ ಮತ್ತು ಹಣೆಗೆ ಅಂಗಿಯ ತೋಳು ಸುತ್ತಿಕೊಂಡ ಮಾವ, ಹಿಂದೆ ಅವಳ ಬಸ್ಸಿನ ಡ್ರೈವರು ಮತ್ತು ಮುದಿ ನಕ್ಷೆಗಾರ.

"ಮೆಲ್ಲಗೆ ಹೆಜ್ಜೆ ಹಾಕ್ರಪ್ಪ," ಎಂದ ಮಾವ. "ಬಸ್ಸಲ್ಲ ಇದು."

"ಬಸ್ಸಾಗಿದ್ರೆ ಇಷ್ಟು ಭಾರ ಇರ್ತಿರಲಿಲ್ಲ," ಎಂದ ಡ್ರೈವರು. "ಏನು ತಿಂತಿದ್ರೋ ನಿಮ್ಮ ಭಾವ, ಅಂಕಿನಾ?"

ಯಾರಿಗೂ ನಗು ಬರಲಿಲ್ಲ. ಆದರೂ ನಾಲ್ವರ ಉಸಿರೂ ಸ್ವಲ್ಪ ಸಡಿಲಾಯಿತು.

ಮಿಲ್ ಬೀದಿಯ ಬಾಯಿಗೆ ಹಳೆಯ ಬಾಗಿಲು, ಮುರಿದ ಮಂಚ, ಮಗ್ಗದ ದಿಮ್ಮಿಗಳನ್ನು ಪೇರಿಸಿದ್ದರು. ನಕ್ಷೆಗಾರ ಅದನ್ನು ನೋಡಿ ನಿಂತುಬಿಟ್ಟ. "ಅದೇ ಜಾಗ ಕಣಮ್ಮ. ನಾನು ಎಳೆದಿದ್ದೂ ಇಲ್ಲೇ. ಒಂದು ಗೇಣು ಆಚೀಚೆ ಇಲ್ಲ."

ಅಡ್ಡದ ಮುಂದೆ ಕುರ್ಚಿ ಹಾಕಿಕೊಂಡು ರಾಟೆ ಅಕ್ಕ ಕೂತಿದ್ದಳು. ತೊಡೆಯ ಮೇಲೆ ಕಬ್ಬಿಣದ ಸರಳು. ಹಿಂದೆ ನೂರೋ ನೂರೈವತ್ತೋ ಜನ.

"ಅಲ್ಲೇ ಇಳಿಸು," ಎಂದಳು ಅವಳು. "ನನ್ನ ಗಂಡಂಗೆ ಮೂವತ್ತು ಹೆಜ್ಜೆ ದಾರಿ ಬಿಡ್ಲಿಲ್ಲ ನಿಮ್ಮಪ್ಪ. ನಾನು ಯಾಕೆ ಬಿಡ್ಲಿ?"

ಕಂಡಕ್ಟರಮ್ಮ ಬಾಯಿ ತೆರೆಯುವಷ್ಟರಲ್ಲಿ ಎಲ್ಲಿಂದಲೋ ಬಂದ ಇಟ್ಟಿಗೆ ಚೂರು ನಕ್ಷೆಗಾರನ ಕತ್ತಿನ ಬದಿಗೆ ಬಡಿಯಿತು. ಅವನು ಕುಸಿದ. ಪೆಟ್ಟಿಗೆ ಒಂದು ಕಡೆಗೆ ವಾಲಿ ರಸ್ತೆಗೆ ಅಪ್ಪಳಿಸಿತು. ಒಳಗೆ ಅಪ್ಪನ ತಲೆ ಹಲಗೆಗೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು. ಬೆನ್ನ ಹಿಂದೆ ಸೀಟಿ ಮೊಳಗಿತು. ಮೂರು ಗಂಟೆವರೆಗೆ ನೋಡುತ್ತೇನೆಂದಿದ್ದ ಇನ್ಸ್‌ಪೆಕ್ಟರು ನೋಡಲಿಲ್ಲ. ಪೊಲೀಸರು ಪೆಟ್ಟಿಗೆಯ ಎರಡೂ ಪಕ್ಕದಿಂದ ನುಗ್ಗಿದರು. ಅಡ್ಡದ ಮೇಲೆ ಹತ್ತಿ ನಿಂತಿದ್ದ ಗಂಡಸೊಬ್ಬನ ಮೊಣಕಾಲಿಗೆ ಲಾಠಿ ಬಿತ್ತು. ಅವನು ಬೀಳುವಾಗ ದವಡೆಗೆ ಇನ್ನೊಂದು. ಹಲ್ಲುಗಳು ಟಾರಿನ ಮೇಲೆ ಚೆಲ್ಲಿದವು. ಹೆಂಗಸೊಬ್ಬಳು ಪೊಲೀಸನ ಮುಂಗೈ ಕಚ್ಚಿ ಹಿಡಿದಳು. ಅವನು ಅವಳ ಕೂದಲನ್ನು ಹಿಡಿದು ದಿಮ್ಮಿಗೆ ಬಡಿದ, ಮತ್ತೆ ಬಡಿದ.

"ನಿಲ್ಸೀ!"

ಹದಿನಾಲ್ಕು ವರ್ಷ ಎಂಜಿನ್ನಿನ ಸದ್ದನ್ನು ಮೀರಿ ಕೂಗಿದ ಗಂಟಲು ಅದು. ಆ ದನಿಗೆ ಊರಿಗೆ ಊರೇ ಬಸ್ಸಿನೊಳಗೆ ಸರಿದು ನಿಂತಿದೆ, ಚಿಲ್ಲರೆ ತೆಗೆದಿದೆ, ಇಳಿದಿದೆ. ಅಭ್ಯಾಸಬಲದಿಂದಲೇ ಎಲ್ಲರೂ ನಿಂತರು, ಲಾಠಿಗಳೂ.

"ಗೆರೆ ಎಳ್ಸಿದ್ದು ಅಪ್ಪ," ಎಂದಳು ಕಂಡಕ್ಟರಮ್ಮ. "ಆದ್ರೆ ತಪ್ಪು ಗೆರೆ ಹ್ಯಾಗಾಯ್ತು ಅಂತ ಹೇಳ್ತೀನಿ. ಕೇಳಿ ಆಮೇಲೆ ಕಲ್ಲು ಹೊಡೀರಿ."

*

ನಾಲ್ಕು ವರ್ಷದ ಹಿಂದೆ, ನಿವೃತ್ತಿಯಾದ ಮರುವಾರ, ಅಪ್ಪ ಅವಳ ಬಸ್ಸು ಹತ್ತಿದ. ಜೀವಮಾನವಿಡೀ ಸೈಕಲ್ಲಿನಲ್ಲಿ ಕಚೇರಿಗೆ ಹೋದವನು; ಬಸ್ಸಿನ ಟಿಕೆಟ್ಟುಗಳನ್ನೆಲ್ಲ ಎಣಿಸಿದ್ದರೂ ಬಸ್ಸಿನಲ್ಲಿ ಕೂತವನಲ್ಲ.

"ಎಲ್ಲಿಗೆ?" ಎಂದಳು ಅವಳು, ಬೇರೆ ಪ್ರಯಾಣಿಕರನ್ನು ಕೇಳುವ ಹಾಗೆ.

"ಕೊನೇ ಸ್ಟಾಪು. ಮಗಳು ಕೆಲಸ ಮಾಡೋದು ನೋಡ್ಬೇಕಂತೆ ಒಬ್ಬ ಮುದುಕಂಗೆ."

ಅಪ್ಪ ಬಾಗಿಲ ಪಕ್ಕದ ಸೀಟಿನಲ್ಲಿ ಮಕ್ಕಳ ಹಾಗೆ ಮೂತಿಯನ್ನು ಕಿಟಕಿಗೆ ಒತ್ತಿ ಕೂತ. ಮಿಲ್ ಸ್ಟಾಪಿನಲ್ಲಿ ಅರ್ಧ ಬಸ್ಸು ಇಳಿಯಿತು. ಮಿಲ್ ಗೇಟಿನ ಕಡೆ ಹೋದವರು ನಾಲ್ಕೈದು ಜನ. ಉಳಿದವರು ಚರ್ಮ ಹದ ಮಾಡುವ ಸುಣ್ಣ ತಿಂದುಹಾಕಿದ ಕೈಗಳನ್ನು ಬೀಸುತ್ತ, ಬಸ್ಸು ಹೋಗುವ ದಿಕ್ಕಿನಲ್ಲೇ ರಸ್ತೆಯಂಚಿನಲ್ಲಿ ನಡೆಯತೊಡಗಿದರು. ಬಸ್ಸು ಅವರನ್ನು ದಾಟಿ ಮುಂದೆ ಹೋಯಿತು. ಹದಿನೈದನೇ ಸ್ಟಾಪಿನ ಕಂಬ ಕಾಣಿಸಿತು. ಹಸಿ ಚರ್ಮದ ನಾತ ಒಳಗೆ ಬರುವ ಮೊದಲೇ ಅವಳು ಗಂಟೆಯ ಹಗ್ಗವನ್ನು ಎರಡು ಸಲ ಎಳೆದಳು. ಟಿಣ್ ಟಿಣ್. ಡ್ರೈವರು ವೇಗ ಹೆಚ್ಚಿಸಿದ.

"ಅಲ್ಲಿ ಯಾಕೆ ನಿಲ್ಲಿಸ್ಲಿಲ್ಲ?"

"ಅಲ್ಲಿ ಯಾರೂ ಹತ್ತಲ್ಲಪ್ಪ. ವಾಸನೆಗೆ ಬೇರೆಯವರು ಗಲಾಟೆ ಮಾಡ್ತಾರೆ. ಎಲ್ಲ ಕಂಡಕ್ಟರೂ ಹಂಗೇ. ಅವರೇ ನಡ್ಕೊಂಡು ಬಂದು ಮಿಲ್ ಹತ್ರ ಹತ್ತುತಾರೆ, ಇಳಿಯೋದೂ ಅಲ್ಲೇ."

"ಟಿಕೆಟ್ಟು?"

"ಮಿಲ್‌ಗೇ ಹರಿಯೋದು. ಇನ್ನೇನು?"

ಅಪ್ಪ ಹೊರಳಿ, ಹಿಂದೆ ರಸ್ತೆಯಂಚಿನಲ್ಲಿ ನಡೆದು ಬರುತ್ತಿದ್ದವರನ್ನು ನೋಡಿದ. ಆಮೇಲೆ, "ಯಾವತ್ತಿಂದ?" ಎಂದ.

"ನಾನು ಕೆಲಸಕ್ಕೆ ಸೇರೋ ಮೊದಲಿಂದ್ಲೂ."

ಅವಳಿಗೆ ಅರ್ಥವಾದದ್ದು ಮೂರನೇ ದಿನ, ಮನೆಯಲ್ಲಿ ಮತ್ತೆ ಒದ್ದೆ ಮಣ್ಣಿನ ತಟ್ಟೆ ಕಂಡಾಗ. ಈ ಸಲ ಅಪ್ಪ ಹದಿನೈದನೇ ಕಡ್ಡಿಯನ್ನು ಮಾರುಕಟ್ಟೆಗೆ ಅಂಟಿಸಿ ನೆಟ್ಟಿದ್ದ. ಮಿಲ್ಲಿನದು ದೂರ, ಒಂಟಿಯಾಗಿತ್ತು. ಬೆಂಕಿ ಹಚ್ಚಿರಲಿಲ್ಲ. ಅವಳನ್ನು ನೋಡಿ ತಟ್ಟೆಯ ಮೇಲೆ ಪತ್ರಿಕೆ ಮುಚ್ಚಿದ.

"ನೀನು ಕೇಳಿದ್ರೆ ಹೇಳ್ತಿದ್ದೆ ಅಪ್ಪ," ಎಂದಳು ಅವಳು. "ಎಲ್ಲರಿಗೂ ಗೊತ್ತಿದ್ದ ವಿಷಯ. ಹೇಳ್ಬೇಕು ಅಂತ ಯಾರಿಗೆ ಹೊಳೆಯುತ್ತೆ?"

"ಕೇಳ್ಬೇಕು ಅಂತ ನನಗೆ ಹೊಳೀಬೇಕಿತ್ತು. ನಿನ್ನ ಹೆಸರು ಎಲ್ಲೂ ಎತ್ತಬೇಡ. ಕೈ ಮುರಿಸ್ಕೊಂಡಾಗಿದೆ ನಾನು. ಒಂದು ಮನೆಗೆ ಒಂದು ಕೈ ಸಾಕು."

ಅವಳು ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋದಳು. ಹದಿನೈದನೇ ಸ್ಟಾಪಿನಲ್ಲಿ ಒಂದೇ ಸಲ ಹಗ್ಗ ಎಳೆದಳು. ಬಸ್ಸು ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಪ್ರಯಾಣಿಕರು ಮೂಗು ಮುಚ್ಚಿಕೊಂಡು ಬೈದರು. ಅದರ ಮರುದಿನದಿಂದ ಮತ್ತೆ ಎರಡು ಸಲ.

*

ಹೇಳುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಟಿಕೆಟ್ಟು, ಹಗ್ಗ, ಸೊನ್ನೆ. ಜ್ವರ ಇದ್ದದ್ದು ಮುಂದಿನ ಬೀದಿಯಲ್ಲಿ, ಬೇಲಿ ಬಿದ್ದದ್ದು ಈ ಬೀದಿಗೆ.

ರಾಟೆ ಅಕ್ಕ ಸರಳನ್ನು ಊರಿಕೊಂಡು ಎದ್ದಳು. "ಅಂದ್ರೆ, ನಮ್ಮ ಬೀದೀನ ಮುಚ್ಚೋ ಅಗತ್ಯಾನೇ ಇರ್ಲಿಲ್ಲ."

"ಇರ್ಲಿಲ್ಲ."

"ನನ್ನ ಗಂಡ ಸತ್ತಿದ್ದು ನಿನ್ನ ಬಸ್ಸಿನ ಗಂಟೆಗೆ."

"ಹೌದಕ್ಕ."

"ನಾಲ್ಕು ವರ್ಷದಿಂದ ಗೊತ್ತಿತ್ತು ನಿಂಗೆ. ದಿನಾ ನಿನ್ನ ಬಸ್ಸಲ್ಲೇ ಹೋಗ್ತೀನಿ ನಾನು. ದಿನಾ ನನ್ನ ಕೈಗೆ ಟಿಕೆಟ್ ಕೊಟ್ಟಿದೀಯ."

ರಾಟೆ ಅಕ್ಕ ಸರಳನ್ನು ಕೆಳಗೆ ಬಿಟ್ಟಳು. ಸದ್ದಾಗುವಷ್ಟರಲ್ಲಿ ಅವಳ ಮುಷ್ಟಿ ಕಂಡಕ್ಟರಮ್ಮನ ಬಾಯಿಗೆ ಬಡಿದಿತ್ತು. ಮೂವತ್ತು ವರ್ಷ ನೂಲು ಸುತ್ತಿದ ಕೈ. ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಎರಡನೆಯ ಏಟಿಗೆ ಒಂದು ಹಲ್ಲು ನಾಲಿಗೆಯ ಮೇಲೆ ಬಿತ್ತು. ಇನ್ಸ್‌ಪೆಕ್ಟರು ಮುಂದೆ ಬಂದ. ಕಂಡಕ್ಟರಮ್ಮ ಹಿಂತಿರುಗದೆ ಕೈ ಎತ್ತಿ ಅವನನ್ನು ತಡೆದಳು. ಅವಳು ಮುಖವನ್ನೂ ಪಕ್ಕಕ್ಕೆ ತಿರುಗಿಸಲಿಲ್ಲ. ಮೂರನೆಯ ಏಟಿಗೆ ಎತ್ತಿದ ಮುಷ್ಟಿ ಮಾತ್ರ ಮೇಲೆಯೇ ಉಳಿಯಿತು. ರಾಟೆ ಅಕ್ಕನಿಗೆ ಉಸಿರು ಸಿಕ್ಕಿಕೊಂಡಿತ್ತು. ಸುಂಯ್ ಸುಂಯ್ ಎಂಬ ಸದ್ದು ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿಲ್ಲ.

"ಸರಿಸ್ರೋ ಅದನ್ನ," ಎಂದಳು ಕೊನೆಗೆ, ತನ್ನವರಿಗೆ. ಮಂಚವನ್ನು ಎಳೆದರು, ಒಂದು ಪೆಟ್ಟಿಗೆ ಹೋಗುವಷ್ಟೇ ಸಂದು. "ತಗೊಂಡು ಹೋಗು ನಿಮ್ಮಪ್ಪನ್ನ. ಮುಂದಿನ ಬೀದೀಲೂ ಇದನ್ನ ಹೇಳು. ಮೊದಲು ಹೇಳ್ಬೇಕಾಗಿದ್ದು ಅವರಿಗೆ."

ನಕ್ಷೆಗಾರ ಗೋಡೆಗೆ ಒರಗಿ ಕತ್ತು ಹಿಡಿದು ಕೂತಿದ್ದ, ಏಳಲಾರೆನೆಂದು ತಲೆಯಾಡಿಸಿದ. ಉಳಿದ ಮೂವರೇ ಪೆಟ್ಟಿಗೆ ಎತ್ತಿದರು. ಹಿಂದಿನ ಎರಡೂ ಮೂಲೆ ಡ್ರೈವರನ ಮೇಲೆ ಬಿದ್ದವು. ಬೀದಿಯ ಆಚೆ ತುದಿ ದಾಟಿ, ಔಷಧಿ ಅಂಗಡಿಯ ಮುಂದೆ ಕಂಡಕ್ಟರಮ್ಮ ಬಾಯಲ್ಲಿದ್ದ ಹಲ್ಲನ್ನು ಉಗಿದಳು. ಒಂದು ಕಲ್ಲೂ ಬರಲಿಲ್ಲ. ಬೆನ್ನಿಗೆ ಕಲ್ಲು ಬಿದ್ದರೆ ವಾಸಿಯಿತ್ತು ಅನ್ನಿಸಿತು ಅವಳಿಗೆ.

ತೊಗಲು ಬೀದಿಯಲ್ಲಿ ಅಡ್ಡ ಯಾವುದೂ ಇರಲಿಲ್ಲ. ಎರಡೂ ಕಡೆ ಗಳುಗಳ ಮೇಲೆ ಚರ್ಮಗಳು ಒಣಗುತ್ತಿದ್ದವು. ನಾತ ಕಣ್ಣಿಗೇ ಹತ್ತಿತು. ತೊಟ್ಟಿಗಳ ಬಳಿ ಕೆಲಸ ಮಾಡುತ್ತಿದ್ದವರು ಕೈ ಒರೆಸಿಕೊಂಡು ಎದ್ದು ನಿಂತರು, ಯಾರದೇ ಹೆಣ ಹೋದರೂ ನಿಲ್ಲುವ ಹಾಗೆ. ಇವರಿಗೆ ಗೆರೆಯಪ್ಪ ಯಾರೆಂದು ಗೊತ್ತಿರಲಿಲ್ಲ. ತಾವು ಒಂದು ಪಟ್ಟಿಯಲ್ಲಿ ಸೊನ್ನೆಗಳಾಗಿದ್ದದ್ದೂ ಗೊತ್ತಿರಲಿಲ್ಲ.

ಸ್ಟಾಪಿನ ಕಂಬದ ಹತ್ತಿರ ಡ್ರೈವರಿಗೆ ಇನ್ನು ಹೊರಲಾಗಲಿಲ್ಲ. ಪೆಟ್ಟಿಗೆಯನ್ನು ಕಂಬಕ್ಕೆ ಆನಿಸಿ ಮೂವರೂ ನಿಂತರು. ಒಬ್ಬ ಮುದುಕ ತೊಟ್ಟಿಯಿಂದ ಎದ್ದು ಬಂದ. ಸುಣ್ಣ ತಿಂದು ಬೆರಳ ತುದಿಗಳು ಉಗುರಿಲ್ಲದೆ ಬೆಳ್ಳಗಾಗಿದ್ದವು. ಕಂಡಕ್ಟರಮ್ಮನನ್ನು ದಿಟ್ಟಿಸಿ ಗುರುತು ಹಿಡಿದು ಬೊಚ್ಚುಬಾಯಿ ಬಿಟ್ಟು ನಕ್ಕ.

"ಅಂತೂ ನಮ್ಮ ಸ್ಟಾಪಲ್ಲಿ ನಿಂತ್ಯಲ್ಲಮ್ಮ ಒಂದಿನ!"

ಆಮೇಲೆ ಪೆಟ್ಟಿಗೆ ನೋಡಿ ನಗು ನುಂಗಿಕೊಂಡ. "ಯಾರು, ಅಪ್ಪನಾ? ಬಾಯಿಗೇನಾಯ್ತು ತಾಯಿ?" ಉತ್ತರಕ್ಕೆ ಕಾಯಲಿಲ್ಲ. "ಆ ಜ್ವರದಲ್ಲಿ ನಮ್ಮ ಮನೇಲಿ ನಾಲ್ಕು ಜನ ಹೋದ್ರು. ಹೊರೋಕೆ ಬೀದೀಲಿ ಒಂದು ಹೆಗಲಿರ್ಲಿಲ್ಲ. ಚರ್ಮದ ಗಾಡೀಲಿ ಹಾಕಿ ಒಬ್ಬನೇ ಎಳ್ಕೊಂಡು ಹೋದೆ. ಅವತ್ತಿಂದ ಈ ದಾರೀಲಿ ಯಾರನ್ನ ತಂದ್ರೂ ಹೆಗಲು ಕೊಡದೆ ಕಳಿಸಲ್ಲ ನಾನು. ಸರಿ, ಆ ಹಿಂದಿನ ಮೂಲೆ ನಂದು."

ಅವಳು ಬಾಯಿ ತೆರೆದಳು. ರಕ್ತ ಗಲ್ಲಕ್ಕೆ ಇಳಿಯಿತು. ಆ ಬೀದಿಯಲ್ಲಿ ನೂರು ಜನರ ಮುಂದೆ ಸಲೀಸಾಗಿ ಬಂದ ಮಾತು, ಇಲ್ಲಿ ಒಬ್ಬ ಮುದುಕನ ಮುಂದೆ ಬರಲಿಲ್ಲ.

"ಕೊಡ್ಲಿ ಬಿಡೇ," ಎಂದ ಮಾವ ಏದುಸಿರಿನಲ್ಲಿ. "ಇನ್ನು ಹತ್ತು ಹೆಜ್ಜೆನೂ ಆಗಲ್ಲ ನಮ್ಮ ಕೈಲಿ."

ಮುದುಕ ಆಗಲೇ ಹೆಗಲ ಮೇಲೆ ಬಟ್ಟೆ ಮಡಿಸಿಟ್ಟುಕೊಂಡು, ಉಗುರಿಲ್ಲದ ಬೆರಳುಗಳನ್ನು ಪೆಟ್ಟಿಗೆಯ ಅಂಚಿಗೆ ಹಾಕಿದ್ದ. ವಿಷಯ ಹೇಳದೆ ಆ ಹೆಗಲನ್ನು ತೆಗೆದುಕೊಳ್ಳುವುದು ಕಂಡಕ್ಟರಮ್ಮನಿಂದ ಆಗಲಿಲ್ಲ. ಅವಳು ಹಿಂದಕ್ಕೆ ಬಂದು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಸಂಕೋಚ ಯಾಕಮ್ಮ? ನಾನಾಗೇ ಕೊಡ್ತಿದೀನಿ."

"ಬೇಡ," ಎಂದಳು ಅವಳು.